ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ: ಭಾರದ ದೋಣಿಗೆ ಹಳೆಯ ಎಸ್‌ಯುವಿ

ಪ್ರಶ್ನೆ: ನಾವು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಹತ್ತಿರದ ಊರಿನಲ್ಲಿದ್ದೇವೆ. ಒಳಗೆ ಪುಟ್ಟ ಕೋಣೆಯಿರುವ 24 ಅಡಿಯ ಹಳೆಯ ಮೋಟಾರು ದೋಣಿಯೊಂದನ್ನು ಟ್ರೇಲರ್ ಸಮೇತ ಕೊಳ್ಳಲು ಮಾತು ಮುಗಿದಿದೆ. ಕಂಪನಿಯ ಕೈಪಿಡಿಯಲ್ಲಿ ದೋಣಿಯ ತೂಕ 5,000 ಪೌಂಡ್ ಎಂದಿದೆ. ಬೇಸಿಗೆಯಲ್ಲಿ ನಾಲ್ಕಾರು ಸಲ ಉತ್ತರ ಮಿಷಿಗನ್ನಿನ ಟ್ರಾವರ್ಸ್ ಸಿಟಿಗೆ, ಒಂದು ಸಲ ಟೆನೆಸಿಯ ನಾರಿಸ್ ಸರೋವರಕ್ಕೆ ಅದನ್ನು ಎಳೆದುಕೊಂಡು ಹೋಗುವ ಯೋಚನೆಯಿದೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು. ಬೇಸಿಗೆಗೆ ಮೈಸೂರಿನಿಂದ ಅತ್ತೆ ಮಾವ ಬಂದಿರುತ್ತಾರೆ. 12ರಿಂದ 15 ಸಾವಿರ ಡಾಲರ್ ಒಳಗೆ 2008ರ ಷೆವರ್ಲೆ ಟಾಹೋ, 2010ರ ಷೆವರ್ಲೆ ಸಬರ್ಬನ್ 2500, 2004ರ ಫೋರ್ಡ್ ಎಕ್ಸ್‌ಕರ್ಷನ್ ಡೀಸೆಲ್ ಮತ್ತು 2010ರ ಟೊಯೋಟಾ ಸಿಕ್ವೊಯ ನೋಡಿದ್ದೇವೆ. ನಾಲ್ಕರಲ್ಲಿ ಯಾವುದನ್ನು ಕೊಳ್ಳುವುದು ಸರಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಗಾಡಿಗಳ ಹೆಸರಿದೆ, ಆದರೆ ತೂಕದ ಅಂಕಿ ಒಂದೇ ಇದೆ, ಅದೂ ಪೂರ್ಣವಾದುದಲ್ಲ. ಆದ್ದರಿಂದ ಗಾಡಿಗಳ ವಿಚಾರಕ್ಕೆ ಬರುವ ಮೊದಲು ದೋಣಿಯ ಲೆಕ್ಕವನ್ನು ಸರಿಮಾಡಿಕೊಳ್ಳೋಣ. ಹಳೆಯ ಎಸ್‌ಯುವಿ ಕೊಂಡು ದೋಣಿ ಎಳೆಯಲು ಹೊರಟು ತೊಂದರೆಗೆ ಸಿಕ್ಕ ಕುಟುಂಬಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ತಪ್ಪಿದ್ದು ಗಾಡಿಯ ಕಂಪನಿಯನ್ನು ಆರಿಸುವುದರಲ್ಲಿ ಅಲ್ಲ, ತೂಕದ ಲೆಕ್ಕದಲ್ಲಿ.

ಕೈಪಿಡಿಯಲ್ಲಿ ಬರೆದಿರುವ 5,000 ಪೌಂಡ್ ಎಂಬುದು ಒಣ ತೂಕ, ಅಂದರೆ ಪೆಟ್ರೋಲಾಗಲಿ ನೀರಾಗಲಿ ಸಾಮಾನಾಗಲಿ ಇಲ್ಲದೆ ಕಾರ್ಖಾನೆಯಿಂದ ಹೊರಬಿದ್ದ ದೋಣಿಯ ತೂಕ. ಇಂಜಿನ್ ದೋಣಿಯೊಳಗೇ ಇರುವ ಮಾದರಿಗಳಲ್ಲಿ ಈ ಅಂಕಿಯೊಳಗೆ ಇಂಜಿನ್ ಸೇರಿರುವುದು ರೂಢಿ. ಹಿಂಬದಿಗೆ ಹೊರಗಿನಿಂದ ತೂಗುಹಾಕುವ ಇಂಜಿನ್ನಿನ ದೋಣಿಗಳಲ್ಲಿ ಎಷ್ಟೋ ಸಲ ಸೇರಿರುವುದಿಲ್ಲ, ಕೈಪಿಡಿಯ ಅಡಿಟಿಪ್ಪಣಿಯನ್ನು ಓದಿದರೆ ತಿಳಿಯುತ್ತದೆ. ಈ ಗಾತ್ರದ ದೋಣಿಗೆ 80 ಗ್ಯಾಲನ್ ಟ್ಯಾಂಕ್ ಇದೆಯೆಂದುಕೊಂಡರೆ, ಪೆಟ್ರೋಲ್ ಗ್ಯಾಲನ್ನಿಗೆ 6 ಪೌಂಡ್‌ಗಿಂತ ತುಸು ಹೆಚ್ಚು ತೂಗುವುದರಿಂದ, ಅಲ್ಲಿಗೇ ಸುಮಾರು 490 ಪೌಂಡ್ ಆಯಿತು. ಎರಡು ಅಚ್ಚಿನ ಕಬ್ಬಿಣದ ಟ್ರೇಲರ್ ತಾನೇ 1,300 ಪೌಂಡ್ ಸುಮಾರು ಇರುತ್ತದೆ. ಬ್ಯಾಟರಿ ಎರಡು, ಲಂಗರು, ಸರಪಳಿ, ಹಗ್ಗ, ಲೈಫ್ ಜಾಕೆಟ್‌ಗಳು, ನೀರಿನ ಕ್ಯಾನು, ಐಸ್ ಪೆಟ್ಟಿಗೆ ಇವೆಲ್ಲಕ್ಕೆ 400 ಪೌಂಡ್ ಇಡಿ. ಹಳೆಯ ದೋಣಿಯ ತಳದಲ್ಲಿ ತುಂಬಿರುವ ಫೋಮ್ ವರ್ಷಗಟ್ಟಲೆ ನೀರು ಹೀರಿದ್ದರೆ ಅದರ ಭಾರ ಬೇರೆ. ಹೀಗೆ 5,000 ಎಂದು ಹೊರಟದ್ದು 7,200ರ ಹತ್ತಿರ ಬಂದು ನಿಲ್ಲುತ್ತದೆ. ಮುಂದಿನ ಲೆಕ್ಕಕ್ಕೆ ನಾನು 7,300 ಪೌಂಡ್, ಅಂದರೆ ಸುಮಾರು 3,300 ಕಿಲೋ, ಎಂದು ಹಿಡಿಯುತ್ತೇನೆ.

ಇದು ಅಂದಾಜು ಮಾತ್ರ. ನಿಮಗೆ ಬೇಕಾದದ್ದು ತಕ್ಕಡಿಯ ಮಾತು. ಲಾರಿಗಳು ತಂಗುವ ಹೆದ್ದಾರಿ ನಿಲ್ದಾಣಗಳಲ್ಲಿ ತೂಕದ ಕಟ್ಟೆಗಳಿವೆ, ಅಲ್ಲಿ ಯಾರು ಬೇಕಾದರೂ ಸ್ವಲ್ಪ ಹಣ ಕೊಟ್ಟು ತೂಗಿಸಬಹುದು. ದೋಣಿಯನ್ನು ಮಾರುತ್ತಿರುವವರು ತಮ್ಮದೇ ಗಾಡಿಗೆ ಟ್ರೇಲರ್ ಜೋಡಿಸಿ ಅಲ್ಲಿಗೆ ತರಲಿ. ಮೊದಲು ಜೋಡಿಸಿದಂತೆಯೇ ಒಮ್ಮೆ, ಆಮೇಲೆ ಟ್ರೇಲರನ್ನು ಕಳಚಿ ಗಾಡಿಯನ್ನಷ್ಟೇ ಇನ್ನೊಮ್ಮೆ ತೂಗಿಸಿ. ಎರಡು ಒಟ್ಟು ತೂಕಗಳ ವ್ಯತ್ಯಾಸವೇ ದೋಣಿ ಮತ್ತು ಟ್ರೇಲರಿನ ನಿಜವಾದ ತೂಕ. ಗಾಡಿಯ ಗಾಲಿಗಳ ಮೇಲಿನ ಭಾರ ಟ್ರೇಲರ್ ಜೋಡಿಸಿದಾಗ ಎಷ್ಟು ಹೆಚ್ಚಿತ್ತೋ ಅದು ಟ್ರೇಲರಿನ ಮೂತಿ, ಅಂದರೆ ಗಾಡಿಗೆ ಜೋಡಿಸುವ ಅದರ ಮುಂದಿನ ತುದಿ, ಗಾಡಿಯ ಮೇಲೆ ಒತ್ತುವ ಭಾರ. ಈ ಎರಡನೆಯ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಗಾಡಿಯ ಆಯ್ಕೆ ತೀರ್ಮಾನವಾಗುವುದು ಅದರಿಂದಲೇ.

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿಗೆ ಹೇರು ಹೇರುವವರು ಈ ವಿಷಯವನ್ನು ತಕ್ಕಡಿಯಿಲ್ಲದೆಯೇ ಬಲ್ಲವರಾಗಿದ್ದರು. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಎತ್ತುತ್ತದೆ, ಮುಂಭಾರವಾದರೆ ಅದೇ ನೊಗ ಹೆಗಲನ್ನು ಒತ್ತಿ ಹುಣ್ಣು ಮಾಡುತ್ತದೆ. ಆದ್ದರಿಂದ ಮೂಟೆಗಳನ್ನು ಅಚ್ಚಿಗೆ ತುಸು ಮುಂದೆ ಬರುವಂತೆ ಜೋಡಿಸುತ್ತಿದ್ದರು. ಟ್ರೇಲರಿನ ಮೂತಿಭಾರವೆಂದರೆ ಇದೇ. ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಮೂತಿಯ ಮೇಲಿರಬೇಕೆಂಬುದು ಸಾಮಾನ್ಯ ನಿಯಮ. ದೋಣಿಯಲ್ಲಿ ಇಂಜಿನ್ ಹಿಂದಿರುವುದರಿಂದ ಇದು ಕೆಲವೊಮ್ಮೆ 10ಕ್ಕಿಂತ ಕೆಳಗೆ ಇಳಿಯುತ್ತದೆ, ಆದರೆ ಬಹಳ ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ.

ಬಹಳ ವರ್ಷಗಳ ಹಿಂದೆ ಸ್ನೇಹಿತರೊಬ್ಬರ ದೋಣಿಯನ್ನು ಮಧ್ಯಮ ಗಾತ್ರದ ಎಸ್‌ಯುವಿಯಲ್ಲಿ ಉತ್ತರದ ಕಡೆ ಒಯ್ಯುವಾಗ ನಾನೇ ಚಾಲಕನಾಗಿದ್ದೆ. ನೀರಿನ ಕ್ಯಾನುಗಳನ್ನೂ ತುಂಬಿದ ಐಸ್ ಪೆಟ್ಟಿಗೆಗಳನ್ನೂ ಜಾಗವಿದೆಯೆಂದು ದೋಣಿಯ ಹಿಂಭಾಗದಲ್ಲಿ ಇಟ್ಟಿದ್ದೆವು. ಗ್ರೇಲಿಂಗ್ ಹತ್ತಿರ ಐ-75 ಹೆದ್ದಾರಿಯಲ್ಲಿ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿದಾಗ ಎದ್ದ ಗಾಳಿಗೆ ಟ್ರೇಲರ್ ಓಲಾಡಲು ಶುರುಮಾಡಿತು. ಮೂರನೆಯ ಓಲಾಟಕ್ಕೆ ನಮ್ಮ ಗಾಡಿಯ ಹಿಂಭಾಗವೇ ಪಕ್ಕಕ್ಕೆ ಸರಿಯಿತು. ಬ್ರೇಕ್ ಒತ್ತದೆ, ಸ್ಟಿಯರಿಂಗ್ ನೇರ ಹಿಡಿದು ಎಕ್ಸಲರೇಟರಿನಿಂದ ಕಾಲು ತೆಗೆದದ್ದರಿಂದ ಉಳಿದೆವು. ಮುಂದಿನ ನಿಲ್ದಾಣದಲ್ಲಿ ತೂಗಿಸಿ ನೋಡಿದರೆ ಮೂತಿಭಾರ ಒಟ್ಟು ತೂಕದ ಶೇಕಡಾ 5ನ್ನೂ ಮುಟ್ಟಿರಲಿಲ್ಲ. ಸಾಮಾನನ್ನೆಲ್ಲ ಮುಂದಕ್ಕೆ ಸಾಗಿಸಿದ ಮೇಲೆ ಅದೇ ಗಾಡಿ, ಅದೇ ದೋಣಿ ಗಂಭೀರವಾಗಿ ಬಂತು. ಆ ದಿನದಿಂದ ತೂಗದೆ ನಾನು ಯಾವ ಟ್ರೇಲರನ್ನೂ ಎಳೆದಿಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. 7,300 ಪೌಂಡಿಗೆ ಶೇಕಡಾ 10ರಂತೆ ಮೂತಿಭಾರ 730 ಪೌಂಡ್. ಈ 730 ಪೌಂಡನ್ನು ಗಾಡಿ ಎಳೆಯುವುದಿಲ್ಲ, ಹೊರುತ್ತದೆ. ಹಿಂದಿನ ಸೀಟಿನಲ್ಲಿ ನಾಲ್ಕೈದು ಜನ ದೊಡ್ಡವರನ್ನು ಕೂರಿಸಿದಂತೆ. ಅದರ ಮೇಲೆ ನಿಮ್ಮಿಬ್ಬರ, ಮಕ್ಕಳ, ಅತ್ತೆ ಮಾವನವರ ತೂಕ ಒಟ್ಟು 780 ಎಂದಿಟ್ಟುಕೊಳ್ಳೋಣ. ಬಟ್ಟೆಬರೆ, ತಿಂಡಿ, ಮಕ್ಕಳ ಸೀಟು ಇತ್ಯಾದಿ 200. ಹಿಚ್ಚಿನ, ಅಂದರೆ ಟ್ರೇಲರನ್ನು ಗಾಡಿಗೆ ಜೋಡಿಸುವ ಕೊಂಡಿಯ, ಕಬ್ಬಿಣ 50. ಒಟ್ಟು 1,760 ಪೌಂಡ್. ಗಾಡಿಯ ಹೊರುವ ಮಿತಿ ಇದಕ್ಕಿಂತ ಹೆಚ್ಚಿರಬೇಕು, ಇಲ್ಲವಾದರೆ ಎಳೆಯುವ ಮಿತಿ ಎಷ್ಟೇ ಇದ್ದರೂ ಅದು ನಿಮಗೆ ಒದಗುವುದಿಲ್ಲ. ಜಾಹೀರಾತುಗಳು ಎಳೆಯುವ ಮಿತಿಯನ್ನು ದಪ್ಪ ಅಕ್ಷರದಲ್ಲಿ ಹೇಳುತ್ತವೆ. ಹೊರುವ ಮಿತಿ ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಸಣ್ಣ ಚೀಟಿಯಲ್ಲಿ ಕುಳಿತಿರುತ್ತದೆ. ಸುಮಾರು 2006ರ ಮಾದರಿಗಳಿಂದ ಈಚೆಗೆ ಆ ಚೀಟಿಯಲ್ಲಿ ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಕೂಡದು ಎಂದು ನೇರವಾಗಿ ಮುದ್ರಿಸಿರುತ್ತಾರೆ. ಅದಕ್ಕಿಂತ ಹಳೆಯ ಗಾಡಿಯಾದರೆ ಅದೇ ಚೌಕಟ್ಟಿನ ಮೇಲಿರುವ ಗರಿಷ್ಠ ಒಟ್ಟು ತೂಕದಿಂದ, ಅಂದರೆ ಜಿವಿಡಬ್ಲ್ಯುಆರ್‌ನಿಂದ, ತಕ್ಕಡಿಯಲ್ಲಿ ಬಂದ ಖಾಲಿ ಗಾಡಿಯ ತೂಕವನ್ನು ಕಳೆಯಬೇಕು. ಒಂದೇ ಮಾದರಿಯ, ಒಂದೇ ವರ್ಷದ ಎರಡು ಗಾಡಿಗಳಲ್ಲಿ ಈ ಅಂಕಿ ಬೇರೆಬೇರೆ ಇರುತ್ತದೆ, ಏಕೆಂದರೆ ಸನ್‌ರೂಫ್, ಚರ್ಮದ ವಿದ್ಯುತ್ ಸೀಟು, ದೊಡ್ಡ ಗಾಲಿ ಎಲ್ಲವೂ ಆ ಮಿತಿಯನ್ನೇ ತಿನ್ನುತ್ತವೆ. ಆದ್ದರಿಂದ ಮಾರುವವರಿಗೆ ಫೋನ್ ಮಾಡಿದಾಗ ಮೊದಲು ಆ ಚೀಟಿಯ ಫೋಟೋ ಕಳಿಸಲು ಹೇಳಿ, ಬಣ್ಣ ಮತ್ತು ಬೆಲೆಯ ಮಾತು ಆಮೇಲೆ.

ಎಳೆಯುವ ಮಿತಿಯ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಹಳೆಯ ಗಾಡಿಗಳಲ್ಲಂತೂ ಸರ್ವಥಾ ಇಲ್ಲ. ಒಂದು ಕಾಲದಲ್ಲಿ ಪ್ರತಿ ಕಂಪನಿಯೂ ತನ್ನದೇ ಅಳತೆಗೋಲಿನಲ್ಲಿ ಈ ಅಂಕಿಯನ್ನು ಹೇಳಿಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಪರೀಕ್ಷೆ ಇರಲೆಂದು ವಾಹನ ಇಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2807 ಎಂಬ ಮಾನದಂಡ 2008ರಲ್ಲಿ ಬಂತು. ಅರಿಜೋನಾದ ಡೇವಿಸ್ ಅಣೆಕಟ್ಟಿನ ಬಳಿಯಿಂದ 11.4 ಮೈಲಿ ಉದ್ದಕ್ಕೆ ಏರುವ ದಾರಿಯನ್ನು ಕಡು ಬಿಸಿಲಿನಲ್ಲಿ, ಎ.ಸಿ. ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕೆಂಬುದು ಅದರ ಕಠಿಣ ಭಾಗಗಳಲ್ಲಿ ಒಂದು. ಟೊಯೋಟಾ 2011ರ ಮಾದರಿಗಳಿಂದ ಮೊದಲು ಇದನ್ನು ಒಪ್ಪಿಕೊಂಡಿತು, ಡೆಟ್ರಾಯಿಟ್ಟಿನ ಮೂರು ಕಂಪನಿಗಳು (ಜಿಎಂ, ಫೋರ್ಡ್, ಕ್ರೈಸ್ಲರ್) ಅದಾದ ಕೆಲವು ವರ್ಷಗಳ ನಂತರ ಒಪ್ಪಿಕೊಂಡವು. ಪರಿಣಾಮವೇನಾಯಿತೆಂದರೆ, 2008ರಲ್ಲಿ 5.7 ಲೀಟರ್ ಇಂಜಿನ್ನಿನ ಸಿಕ್ವೊಯ 10,000 ಪೌಂಡಿನವರೆಗೆ ಎಳೆಯುತ್ತದೆಂದು ಹೇಳಿದ್ದ ಅದೇ ಕಂಪನಿ, ಹೊಸ ಮಾನದಂಡದ ಮೇಲೆ ಅದೇ ಇಂಜಿನ್ನಿನ ಅದೇ ಗಾಡಿಗೆ 7,000 ಚಿಲ್ಲರೆ ಪೌಂಡ್ ಎಂದಿತು. ಗಾಡಿ ಬದಲಾಗಿರಲಿಲ್ಲ, ಅಳೆಯುವ ರೀತಿ ಬದಲಾಗಿತ್ತು. ನೀವು ನೋಡಿರುವ 2010ರ ಸಿಕ್ವೊಯ ಹಳೆಯ ಲೆಕ್ಕದ ಕೊನೆಯ ವರ್ಷದ್ದು, ಆದ್ದರಿಂದ ಅದರ ಕೈಪಿಡಿಯ ದೊಡ್ಡ ಅಂಕಿಯನ್ನು ಬಿಟ್ಟು ಮರುವರ್ಷದ ಅಂಕಿಯನ್ನೇ ಅದಕ್ಕೂ ಹಿಡಿಯಬೇಕು. ಹಾಗೆ ಹಿಡಿದರೆ ನಿಮ್ಮ ದೋಣಿ ಅದರ ಮಿತಿಯನ್ನು ಮುಟ್ಟಿಯೇ ಬಿಡುತ್ತದೆ, ಹೊರುವ ಮಿತಿಯಂತೂ 1,760ಕ್ಕೆ ಬಹಳ ಕೆಳಗಿದೆ. ಸಿಕ್ವೊಯ ಬಾಳಿಕೆಯ ಗಾಡಿ, ಅದರ ಇಂಜಿನ್ ಬಗ್ಗೆ ನನಗೆ ತುಂಬ ಗೌರವವಿದೆ, 5,000 ಪೌಂಡಿನ ದೋಣಿಗಾಗಿದ್ದರೆ ಸಂತೋಷದಿಂದ ಅದನ್ನೇ ಹೇಳುತ್ತಿದ್ದೆ. ಆದರೆ ನಿಮ್ಮ ದೋಣಿಗೆ ಅದು ಸಲ್ಲದು.

ಈ ಜೆ2807 ಲೆಕ್ಕ ಕೂಡ 150 ಪೌಂಡಿನ ಚಾಲಕ ಮತ್ತು 150 ಪೌಂಡಿನ ಒಬ್ಬ ಸಹಪ್ರಯಾಣಿಕ ಮಾತ್ರ ಇದ್ದಾರೆಂದು ಭಾವಿಸುತ್ತದೆ. ನಿಮ್ಮ ಗಾಡಿಯಲ್ಲಿ ಆರು ಜನರಿರುತ್ತಾರೆ. ಜೊತೆಗೆ ಗಾಡಿ ಹದಿನೈದು ವರ್ಷ ಹಳೆಯದು, ಅದರ ರೇಡಿಯೇಟರ್ ಹೊಸದರಂತೆ ಶಾಖ ಬಿಡುವುದಿಲ್ಲ, ಇಂಜಿನ್ ಹೊಸದರಂತೆ ಎಳೆಯುವುದಿಲ್ಲ. ಹಾಗಾಗಿ ಹಳೆಯ ಗಾಡಿಗೆ ಅದರ ಎಳೆಯುವ ಮಿತಿಯ ಶೇಕಡಾ 80ಕ್ಕಿಂತ ಹೆಚ್ಚು ಹೇರಬೇಡಿ ಎಂಬುದು ನನ್ನ ಖಚಿತ ಸಲಹೆ. 7,300 ಪೌಂಡಿಗೆ ಈ ಲೆಕ್ಕದಲ್ಲಿ 9,100 ಪೌಂಡಿನ ಆಸುಪಾಸಿನ ಗಾಡಿ ಬೇಕಾಗುತ್ತದೆ.

2008ರ ಟಾಹೋ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಅದರ 5.3 ಲೀಟರ್ ಇಂಜಿನ್ನಿಗೆ ಆ ವರ್ಷ ನಾಲ್ಕೇ ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇತ್ತು, ಆರು ಗೇರಿನದು ಮರುವರ್ಷ ಬಂತು. ನಾಲ್ಕು ಗೇರಿನದರಲ್ಲಿ ಎರಡನೆಯ ಗೇರಿನ ಅನುಪಾತ 1.63, ಮೂರನೆಯದು 1.00, ನಡುವೆ ಎಷ್ಟು ದೊಡ್ಡ ಕಂದಕವಿದೆ ನೋಡಿ. ಏರಿನಲ್ಲಿ ಮೂರನೆಯ ಗೇರಿನಲ್ಲಿ ಇಂಜಿನ್ನಿಗೆ ಉಸಿರು ಸಾಲುವುದಿಲ್ಲ, ಎರಡನೆಯದಕ್ಕೆ ಇಳಿದರೆ ಕಿರುಚುತ್ತದೆ, ಗೇರ್‌ಬಾಕ್ಸ್ ಎರಡರ ನಡುವೆ ತೊಳಲಾಡುತ್ತಾ ಕಾಯುತ್ತದೆ. ಅಲ್ಲದೆ ಆ ಕಾಲದ 5.3 ಇಂಜಿನ್ನುಗಳಲ್ಲಿ ಇಂಧನ ಉಳಿಸಲು ಎಂಟರಲ್ಲಿ ನಾಲ್ಕು ಸಿಲಿಂಡರುಗಳನ್ನು ನಿಲ್ಲಿಸುವ ವ್ಯವಸ್ಥೆಯಿದೆ, ಆ ಸಿಲಿಂಡರುಗಳ ಲಿಫ್ಟರುಗಳು, ಅಂದರೆ ವಾಲ್ವುಗಳನ್ನು ಎತ್ತುವ ಭಾಗಗಳು, ಕೆಡುವುದು ಎಲ್ಲ ಮೆಕ್ಯಾನಿಕರಿಗೂ ಗೊತ್ತಿರುವ ಸಂಗತಿ. ಇದೆಲ್ಲಕ್ಕೂ ಮಿಗಿಲಾಗಿ ಟಾಹೋದ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ 116 ಇಂಚು, ಸಬರ್ಬನ್ನಿನದು 130 ಇಂಚು. ಹಿಂದಿನ ಟ್ರೇಲರ್ ಓಲಾಡಿದಾಗ ಮುಂದಿನ ಗಾಡಿಯನ್ನು ನೇರ ಹಿಡಿದಿಡುವುದು ಈ ಉದ್ದವೇ.

2004ರ ಎಕ್ಸ್‌ಕರ್ಷನ್ ಡೀಸೆಲ್ ಅನೇಕರ ಕನಸಿನ ಗಾಡಿ, ಅದರ ಆಕರ್ಷಣೆ ನನಗೂ ಅರ್ಥವಾಗುತ್ತದೆ. ಮುಂದಿನ ಹಿಂದಿನ ಗಾಲಿಗಳ ನಡುವೆ 137 ಇಂಚಿನ ಅಂತರ, ಲಾರಿಯ ಅಚ್ಚು, ಬೆಟ್ಟಕ್ಕೆ ಹೆದರದ ಇಂಜಿನ್. ಫೋರ್ಡ್ ಇದನ್ನು 2000ದಿಂದ 2005ರವರೆಗಿನ ಮಾದರಿಗಳಾಗಿ ಮಾಡಿತು. ಆದರೆ ಜನ ಹುಡುಕಿಕೊಂಡು ಹೋಗಿ ಕೊಳ್ಳುವುದು ಮೊದಲ ವರ್ಷಗಳ 7.3 ಲೀಟರ್ ಡೀಸೆಲನ್ನು. 2003ರ ನಡುವಿನಲ್ಲಿ ಅದರ ಜಾಗಕ್ಕೆ ಬಂದ 6.0 ಲೀಟರ್ ಇಂಜಿನ್, ಅಂದರೆ ನೀವು ನೋಡಿರುವುದು, ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್ ಮತ್ತು ಇಜಿಆರ್ ಕೂಲರುಗಳ (ಇಂಜಿನ್ನಿಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ) ತೊಂದರೆಗೆ ಹೆಸರಾದದ್ದು. ಹಿಂದಿನ ಮಾಲೀಕರು ಇವನ್ನೆಲ್ಲ ಸರಿಪಡಿಸಿದ್ದಾರೆಂಬುದಕ್ಕೆ ರಸೀದಿಗಳಿದ್ದರೆ ಅದೊಂದು ಮಾತು. ಬಾಯಿಮಾತನ್ನು ನಂಬಿ ಕೊಂಡರೆ ದುರಸ್ತಿಯ ಖರ್ಚು ಗಾಡಿಯ ಬೆಲೆಯ ದೊಡ್ಡ ಪಾಲನ್ನು ನುಂಗಬಹುದು. ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ: ಡೀಸೆಲ್ ಎಕ್ಸ್‌ಕರ್ಷನ್ ಖಾಲಿಯಿದ್ದಾಗಲೇ ಎಷ್ಟು ಭಾರವೆಂದರೆ, ಅಷ್ಟು ದೊಡ್ಡ ಗಾಡಿಗೆ ಹೊರಲು ಉಳಿಯುವ ಮಿತಿ ಆಶ್ಚರ್ಯವಾಗುವಷ್ಟು ಕಡಿಮೆ.

ಉಳಿದದ್ದು 2010ರ ಸಬರ್ಬನ್ 2500, ನನ್ನ ಉತ್ತರವೂ ಅದೇ. ಹೆಸರಿನ ಕೊನೆಯ ಅಂಕಿಯನ್ನು ಮರೆಯಬೇಡಿ. ಸಬರ್ಬನ್ 1500 ಮತ್ತು 2500 ಹೊರಗಿನಿಂದ ಅಕ್ಕತಂಗಿಯರಂತೆ ಕಂಡರೂ ಒಳಗೆ ಬೇರೆಯೇ ಗಾಡಿಗಳು. ಸುಲಭವಾಗಿ ಗುರುತಿಸಬೇಕೆಂದರೆ ಗಾಲಿಯ ನಟ್ಟುಗಳನ್ನು ಎಣಿಸಿ: 1500ರಲ್ಲಿ ಆರು, 2500ರಲ್ಲಿ ಎಂಟು. 2500ರ ಒಟ್ಟು ತೂಕದ ಮಿತಿ 8,600 ಪೌಂಡ್. ಹೊರುವ ಮಿತಿ ಸಾಮಾನ್ಯವಾಗಿ 2,000ವನ್ನು ದಾಟುತ್ತದೆ, ನಿಮ್ಮ 1,760 ಅದರೊಳಗೆ ಆರಾಮವಾಗಿ ಕೂರುತ್ತದೆ. ಎಳೆಯುವ ಮಿತಿ 9,000ಕ್ಕೂ ಮೇಲಿದೆ. ಅದರ 6.0 ಲೀಟರ್ ಪೆಟ್ರೋಲ್ ಇಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು, ಸಿಲಿಂಡರ್ ನಿಲ್ಲಿಸುವ ಆ ವ್ಯವಸ್ಥೆ ಅದರಲ್ಲಿಲ್ಲ, ಗೇರ್‌ಬಾಕ್ಸ್ ಆರು ಗೇರಿನ ಗಟ್ಟಿ ಮಾದರಿ. ಪೆಟ್ರೋಲ್ ಕುಡಿಯುವುದರಲ್ಲಿ ಅದು ಧಾರಾಳಿ, ದೋಣಿ ಎಳೆಯುವಾಗ ಗ್ಯಾಲನ್ನಿಗೆ ಎಂಟು ಒಂಬತ್ತು ಮೈಲಿ ಬಂದರೆ ತೃಪ್ತಿಪಡಬೇಕು. ಸಾಮಾನ್ಯ ಗ್ರಾಹಕರಿಗೆ 2500ರ ಮಾರಾಟ 2013ರ ಮಾದರಿಗೇ ನಿಂತುಹೋದದ್ದರಿಂದ ಒಳ್ಳೆಯವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಜಿಎಂಸಿ ಯೂಕಾನ್ ಎಕ್ಸ್‌ಎಲ್ 2500 ಇದೇ ಗಾಡಿಯ ಇನ್ನೊಂದು ಹೆಸರು, ಅದನ್ನೂ ಹುಡುಕಾಟಕ್ಕೆ ಸೇರಿಸಿಕೊಳ್ಳಿ.

ನೋಡಲು ಹೋದಾಗ ಮುಂದಿನ ಗ್ಲೋವ್ ಬಾಕ್ಸ್ ತೆರೆದು ಅಲ್ಲಿ ಅಂಟಿಸಿರುವ ಬಿಳಿ ಚೀಟಿಯ ಮೂರಕ್ಷರದ ಸಂಕೇತಗಳನ್ನು ಓದಿ. ಝಡ್82 ಇದ್ದರೆ ಟ್ರೇಲರ್ ಎಳೆಯುವ ಸಲಕರಣೆ ಕಾರ್ಖಾನೆಯಲ್ಲೇ ಹಾಕಿದ್ದೆಂದು ಅರ್ಥ. ಜಿಟಿ4 ಎಂದರೆ ಹಿಂದಿನ ಅಚ್ಚಿನ ಅನುಪಾತ 3.73, ಜಿಟಿ5 ಎಂದರೆ 4.10. ಅಂಕಿ ದೊಡ್ಡದಾದಷ್ಟೂ ಎಳೆತ ಸುಲಭ, ಇಂಧನದ ಖರ್ಚು ಮಾತ್ರ ತುಸು ಜಾಸ್ತಿ.

ಇಷ್ಟಾದ ಮೇಲೂ ಯಾವ ಮಾದರಿಯೆಂಬುದು ಅರ್ಧ ಉತ್ತರವಷ್ಟೇ. ನಿಮ್ಮ ಕಣ್ಣೆದುರು ನಿಂತಿರುವ ಆ ಒಂದು ಗಾಡಿ ಹೇಗಿದೆ ಎಂಬುದು ಉಳಿದರ್ಧ. ಮಿಷಿಗನ್ನಿನಲ್ಲಿ ಚಳಿಗಾಲವೆಲ್ಲ ರಸ್ತೆಗೆ ಉಪ್ಪು ಸುರಿಯುತ್ತಾರೆ, ಖಾಸಗಿ ಗಾಡಿಗಳಿಗೆ ಕಡ್ಡಾಯ ಸುರಕ್ಷತಾ ತಪಾಸಣೆಯೂ ಇಲ್ಲಿಲ್ಲ. ಮೇಲೆ ಹೊಳೆಯುವ ಗಾಡಿಯ ಕೆಳಗೆ ಬ್ರೇಕಿನ ಉಕ್ಕಿನ ನಳಿಗೆಗಳು ಬೆರಳಲ್ಲಿ ಉಜ್ಜಿದರೆ ಉದುರುವ ಸ್ಥಿತಿಯಲ್ಲಿರಬಹುದು. ಏಳು ಟನ್ನಿಗೆ ಹತ್ತಿರದ ಗಾಡಿ ಮತ್ತು ದೋಣಿಯನ್ನು ಇಳಿಜಾರಿನಲ್ಲಿ ನಿಲ್ಲಿಸುವ ಹೊತ್ತಿನಲ್ಲಿ ಅಂಥ ನಳಿಗೆ ಒಡೆದರೆ ಏನಾಗುತ್ತದೆಂದು ನಾನು ವಿವರಿಸಬೇಕಾಗಿಲ್ಲ. ಆದ್ದರಿಂದ ಮಾರಾಟಗಾರರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರ ಬಳಿ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿ ಚಾಸಿಯ ಉದ್ದಕ್ಕೂ, ಅದರಲ್ಲೂ ಹಿಂದಿನ ಗಾಲಿಗಳ ಮೇಲ್ಭಾಗದಲ್ಲಿ, ಸುತ್ತಿಗೆಯಿಂದ ತಟ್ಟಿ ನೋಡಿಸಿ. ಹಿಚ್ಚನ್ನು ಚಾಸಿಗೆ ಬಿಗಿದಿರುವ ಬೋಲ್ಟುಗಳನ್ನು ನೋಡಿಸಿ. ಸಾಧ್ಯವಾದರೆ ದಕ್ಷಿಣದ ರಾಜ್ಯಗಳಲ್ಲಿ ಬಾಳಿದ ಗಾಡಿಯನ್ನು ಹುಡುಕಿ. ಅದಕ್ಕಾಗಿ ಒಂದು ದಿನದ ಪ್ರಯಾಣ, ಸಾವಿರ ಡಾಲರ್ ಹೆಚ್ಚು ಖರ್ಚಾದರೂ ನಷ್ಟವಲ್ಲ. ನೋಂದಣಿಯ ಇತಿಹಾಸದಲ್ಲಿ ಗಾಡಿ ಯಾವ ವರ್ಷ ಯಾವ ರಾಜ್ಯದಲ್ಲಿತ್ತೆಂದು ತಿಳಿಯುತ್ತದೆ, ಅದನ್ನು ಓದುವಾಗ ಪ್ರವಾಹದಲ್ಲಿ ಮುಳುಗಿದ ದಾಖಲೆಯಿದೆಯೇ ಎಂದೂ ನೋಡಿ.

ಗೇರ್‌ಬಾಕ್ಸನ್ನು ಪರೀಕ್ಷಿಸಲು ಗಾಡಿ ತಣ್ಣಗಿರುವಾಗಲೇ ಹೋಗಬೇಕು, ಮಾರುವವರು ಮೊದಲೇ ಚಾಲೂ ಮಾಡಿ ಬಿಸಿಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆಂದು ಹೇಳಿ. ರಿವರ್ಸ್ ಹಾಕಿದಾಗ ಒಂದೆರಡು ಕ್ಷಣ ತಡವಾಗಿ ಹಿಡಿಯುತ್ತಿದ್ದರೆ ಅದು ಎಚ್ಚರಿಕೆ. ಬಿಸಿಯಾದ ಮೇಲೆ ಗಂಟೆಗೆ 40–50 ಮೈಲಿ ವೇಗದಲ್ಲಿ ಎಕ್ಸಲರೇಟರನ್ನು ಹಗುರವಾಗಿ ಒತ್ತಿಹಿಡಿದಾಗ, ರಸ್ತೆಯಂಚಿನ ಗೀರುಗಳ ಮೇಲೆ ಹೋದಂತೆ ನಡುಗಿದರೆ ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಟಾರ್ಕ್ ಕನ್ವರ್ಟರ್ ದಣಿದಿದೆ. ಎಣ್ಣೆ ಕಂದಾಗಿ ಸುಟ್ಟ ವಾಸನೆಯಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ. ನಾಲ್ಕು ಚಕ್ರ ಚಾಲನೆಯ ಲೋ ಗೇರ್ ಹಾಕಿ ನೋಡಿ. ದೋಣಿಯನ್ನು ಪಾಚಿಗಟ್ಟಿದ ಇಳಿಜಾರಿನಿಂದ ಮೇಲೆ ಎಳೆಯುವಾಗ ನಿಮಗೆ ಬೇಕಾಗುವುದು ಅದೇ. ಸ್ಕ್ಯಾನರ್ ಹಾಕಿದಾಗ ಹಳೆಯ ದೋಷಗಳ ಸಂಕೇತಗಳನ್ನು ಇತ್ತೀಚೆಗಷ್ಟೇ ಅಳಿಸಿದ ಕುರುಹು ಕಂಡರೆ ಏಕೆ ಅಳಿಸಿದರೆಂದು ನೇರವಾಗಿ ಕೇಳಿ.

ಗಾಡಿ ಮನೆಗೆ ಬಂದ ಮೇಲೆ ದೋಣಿ ಎಳೆಯುವ ಮುನ್ನ ರೇಡಿಯೇಟರ್, ಅದರ ಹೋಸುಗಳು, ಫ್ಯಾನ್ ಕ್ಲಚ್, ಗೇರ್‌ಬಾಕ್ಸ್ ಎಣ್ಣೆ, ಹಿಂದಿನ ಅಚ್ಚಿನ ಎಣ್ಣೆ, ಬ್ರೇಕ್ ದ್ರವ ಇವಿಷ್ಟನ್ನು ಬದಲಿಸಲು ಎರಡು ಸಾವಿರ ಡಾಲರ್ ಎತ್ತಿಡಿ. ಅಂದರೆ 15 ಸಾವಿರ ನಿಮ್ಮ ಮಿತಿಯಾದರೆ ಗಾಡಿಯ ಬೆಲೆ 13ಕ್ಕೆ ನಿಲ್ಲಬೇಕು. ಟೈರುಗಳ ಪಕ್ಕದಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿಯವಾಗಲಿ ಟ್ರೇಲರಿನವಾಗಲಿ, ಆರು ವರ್ಷ ದಾಟಿದ್ದರೆ ಸವೆಯದಿದ್ದರೂ ಬದಲಿಸಿ.

ಟ್ರೇಲರಿನ ಬ್ರೇಕುಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಹೇಳದಿದ್ದರೆ ಉತ್ತರ ಪೂರ್ಣವಾಗದು. ದೋಣಿಯ ಟ್ರೇಲರುಗಳು ನೀರಿಗಿಳಿಯುವುದರಿಂದ ಅವಕ್ಕೆ ವಿದ್ಯುತ್ ಬ್ರೇಕಿಗಿಂತ ಸರ್ಜ್ ಬ್ರೇಕ್ ಹೆಚ್ಚು ಬಳಕೆಯಲ್ಲಿದೆ. ನಿಮ್ಮ ಗಾಡಿ ನಿಧಾನಿಸಿದಾಗ ಹಿಂದಿನ ಭಾರ ಮುಂದೆ ನೂಕುತ್ತದೆ, ಆ ನೂಕಿಗೆ ಮೂತಿಯೊಳಗಿನ ಹೈಡ್ರಾಲಿಕ್ ಸಿಲಿಂಡರ್ ಒತ್ತಿಕೊಂಡು ಟ್ರೇಲರಿನ ಬ್ರೇಕ್ ಹಿಡಿಯುತ್ತದೆ. ಗಾಡಿಯಲ್ಲಿ ಬೇರೆ ನಿಯಂತ್ರಕ ಬೇಕಿಲ್ಲ, ಅದು ಅನುಕೂಲ. ಆದರೆ ಟ್ರೇಲರ್ ಓಲಾಡಿದಾಗ ಅದರ ಬ್ರೇಕನ್ನು ಮಾತ್ರ ಕೈಯಿಂದ ಹಾಕಿ ಅದನ್ನು ನೇರ ಎಳೆಯುವ ಅವಕಾಶ ನಿಮಗಿರುವುದಿಲ್ಲ, ಆದ್ದರಿಂದಲೇ ನಾನು ಮೂತಿಭಾರದ ಬಗ್ಗೆ ಅಷ್ಟೊಂದು ಬರೆದದ್ದು. ಏರಿನಲ್ಲಿ ಹಿಮ್ಮುಖವಾಗಿ ನೂಕುವಾಗಲೂ ಈ ಬ್ರೇಕ್ ಹಿಡಿದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಟ್ರೇಲರಿನಲ್ಲಿ ಒಂದು ಸೊಲೆನಾಯ್ಡ್, ಅಂದರೆ ವಿದ್ಯುತ್ತಿನಿಂದ ನಡೆಯುವ ವಾಲ್ವು, ಇರುತ್ತದೆ, ಅದಕ್ಕೆ ಗಾಡಿಯ ರಿವರ್ಸ್ ದೀಪದ ತಂತಿ ಮುಟ್ಟಬೇಕು. ಟ್ರೇಲರಿನ ಪ್ಲಗ್ಗಿನಲ್ಲಿ ನಾಲ್ಕು ಪಿನ್ನಿನ ಬದಲು ಐದು ಪಿನ್ ಇರುವುದು ಅದಕ್ಕಾಗಿಯೇ, ಸರಿಯಾದ ಅಡಾಪ್ಟರ್ ಕೊಂಡುಕೊಳ್ಳಿ.

ಹಿಚ್ಚಿನ ಮೇಲೂ ಒಂದು ಚೀಟಿಯಿದೆ, ಅದರಲ್ಲಿ ಎರಡು ಜೊತೆ ಅಂಕಿಗಳಿರುತ್ತವೆ. ಭಾರವನ್ನು ಉಕ್ಕಿನ ಸರಳುಗಳ ಮೂಲಕ ಮುಂದಿನ ಗಾಲಿಗಳಿಗೂ ಹಂಚುವ ವಿಶೇಷ ಹಿಚ್ ಬಳಸಿದರೆ ಮಿತಿ ದೊಡ್ಡದು, ಬಳಸದಿದ್ದರೆ ಚಿಕ್ಕದು. ಸಾಮಾನ್ಯ ಎಸ್‌ಯುವಿಗಳಲ್ಲಿ ಆ ಚಿಕ್ಕ ಮಿತಿ 5,000 ಪೌಂಡಿನ ಆಸುಪಾಸಿನಲ್ಲೇ ನಿಂತುಬಿಡುವುದುಂಟು. ಇತ್ತ ಸರ್ಜ್ ಬ್ರೇಕಿನ ಎಲ್ಲ ಟ್ರೇಲರುಗಳೂ ಆ ಸರಳಿನ ಹಿಚ್ಚಿಗೆ ಒಗ್ಗುವುದಿಲ್ಲ, ಏಕೆಂದರೆ ಮೂತಿ ಹಿಂದೆ ಮುಂದೆ ಜಾರಲು ಬಿಡದಿದ್ದರೆ ಬ್ರೇಕೇ ಕೆಲಸ ಮಾಡದು. ಟ್ರೇಲರ್ ತಯಾರಕರನ್ನು ಕೇಳಿ, ಇದಕ್ಕೆಂದೇ ಮಾಡಿದ ಹಿಚ್ಚುಗಳನ್ನು ಹುಡುಕಬೇಕಾಗುತ್ತದೆ. ಸಬರ್ಬನ್ 2500ನ್ನೇ ಕೊಂಡರೂ ಈ ಚೀಟಿಯನ್ನು ಓದದೆ ಬಿಡಬೇಡಿ.

ಒಂದು ಮಾತನ್ನು ಮನೆಯಲ್ಲಿ ಕೂತು ಯೋಚಿಸಿ. ನಿಮ್ಮ ಯೋಜನೆ ನಾಲ್ಕಾರು ಪ್ರಯಾಣಗಳಿಂದ ಒಂದೆರಡಕ್ಕೆ ಇಳಿಯುವುದಾದರೆ, ಬೇಸಿಗೆಯಿಡೀ ದೋಣಿಯನ್ನು ಟ್ರಾವರ್ಸ್ ಸಿಟಿಯ ಕಡೆಯ ಯಾವುದಾದರೂ ದೋಣಿ ತಂಗುದಾಣದಲ್ಲಿ ಬಾಡಿಗೆಗೆ ಇಟ್ಟು, ವಸಂತದಲ್ಲೊಮ್ಮೆ ಶರತ್ತಿನಲ್ಲೊಮ್ಮೆ ದೋಣಿ ಸಾಗಿಸುವ ವೃತ್ತಿಯವರಿಂದ ಎಳೆಸಿದರೆ ಈ ದೊಡ್ಡ ಗಾಡಿಯ ಅಗತ್ಯವೇ ಬೀಳುವುದಿಲ್ಲ. ಎಷ್ಟೋ ಕುಟುಂಬಗಳಿಗೆ ನಾನು ಇದನ್ನೇ ಹೇಳಿದ್ದೇನೆ. ಆದರೆ ನಾರಿಸ್ ಸರೋವರದ ಆಸೆ ನಿಮ್ಮ ಪತ್ರದಲ್ಲಿ ಎದ್ದು ಕಾಣುವುದರಿಂದ, ಆ ದಾರಿಯ ಬಗ್ಗೆ ಹೇಳಿ ಮುಗಿಸುತ್ತೇನೆ.

ಮಿಷಿಗನ್, ಒಹಾಯೊ ದಾಟುವವರೆಗೆ ದಾರಿ ಹೆಚ್ಚುಕಡಿಮೆ ಸಮತಟ್ಟು. ಕೆಂಟಕಿಯ ದಕ್ಷಿಣದ ಗಡಿ ದಾಟಿದೊಡನೆ ಐ-75 ಜೆಲಿಕೊ ಬೆಟ್ಟವನ್ನು ಹತ್ತಿ ಇಳಿಯುತ್ತದೆ. ಹತ್ತುವ ಮೊದಲೇ ಭಾರ ಎಳೆಯಲು ಗೇರ್‌ಬಾಕ್ಸನ್ನು ಹೊಂದಿಸುವ ಟೋ-ಹಾಲ್ ಗುಂಡಿ ಒತ್ತಿ, ಬಲಬದಿಯ ಲೇನಿಗೆ ಬಂದು, ವೇಗದ ಆಸೆ ಬಿಟ್ಟು ಗೇರ್‌ಬಾಕ್ಸಿನ ಶಾಖದ ಮುಳ್ಳನ್ನು ಗಮನಿಸುತ್ತಾ ಹೋಗಿ. ಇಳಿಯುವಾಗ ಗಾಡಿಯನ್ನು ಕೆಳಗಿನ ಗೇರಿನಲ್ಲಿ ಸದಾ ತಡೆದುಹಿಡಿದರೆ ಹಿಂದಿನ ಟ್ರೇಲರ್ ಸದಾ ನೂಕುತ್ತಿರುತ್ತದೆ, ಸರ್ಜ್ ಬ್ರೇಕುಗಳು ಬಿಡದೆ ಉಜ್ಜಿ ಕಾದುಹೋಗುತ್ತವೆ. ಆದ್ದರಿಂದ ಒಮ್ಮೆ ಗಟ್ಟಿಯಾಗಿ ನಿಧಾನಿಸಿ, ಬಿಟ್ಟು, ಅವು ತಣಿಯಲು ಸಮಯ ಕೊಟ್ಟು, ಮತ್ತೆ ನಿಧಾನಿಸುವ ಕ್ರಮದಲ್ಲಿ ಇಳಿಯಿರಿ. ಸರೋವರದ ದಂಡೆಗೆ ಬಂದಾಗ ಮಕ್ಕಳು ಎಷ್ಟೇ ಅವಸರಪಟ್ಟರೂ ತಕ್ಷಣ ಟ್ರೇಲರನ್ನು ನೀರಿಗೆ ಇಳಿಸಬೇಡಿ. ಕಾದ ಗಾಲಿಯ ಗುಂಬ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಮೂಲಕ ನೀರನ್ನು ಬೇರಿಂಗಿನೊಳಗೆ ಹೀರಿಕೊಳ್ಳುತ್ತದೆ. ಆ ನೀರು ಮನೆಗೆ ಮರಳುವ 500 ಮೈಲಿಯ ದಾರಿಯಲ್ಲಿ ಎಲ್ಲೋ ತನ್ನ ಕೆಲಸ ಮಾಡುತ್ತದೆ. ಗಾಡಿಯನ್ನು ನೆರಳಿಗೆ ನಿಲ್ಲಿಸಿ ಅರ್ಧ ಗಂಟೆ ಬಿಡಿ, ಅಷ್ಟರಲ್ಲಿ ಎಲ್ಲರ ಊಟ ಮುಗಿಯಲಿ, ನಾಲ್ಕೂ ಗುಂಬಗಳ ಮೇಲೆ ಅಂಗೈ ಇಟ್ಟಾಗ ಬಿಸಿ ತಡೆದುಕೊಳ್ಳುವಂತಾದ ಮೇಲೆ ದೋಣಿಯನ್ನು ಇಳಿಸಿ.